ಅಕ್ಕನ ಲಂಘನ, ನನ್ನ ಮಜ್ಜಿಗೆ

ಜಯನಗರದ ನಮ್ಮ ಉದ್ಯಾನದಲ್ಲಿ ಬೆಳಗಿನ ಎಂಟು ಗಂಟೆಗೆ ಎದುರಾಗುವ ಯಾರೂ ನಿಮ್ಮನ್ನು ಕುಶಲವೇ ಎಂದು ಕೇಳುವುದಿಲ್ಲ, ‘ತಿಂಡಿ ಆಯ್ತಾ?’ ಎಂದು ಕೇಳುತ್ತಾರೆ. ಕೇಳಿದವರಿಗೆ ಉತ್ತರ ಬೇಕಿರುವುದಿಲ್ಲ ಎಂಬುದು ಬೇರೆ ಮಾತು. ಆಯಿತೆಂದರೂ ತಲೆಯಾಡಿಸುತ್ತಾರೆ, ಇಲ್ಲವೆಂದರೂ ತಲೆಯಾಡಿಸಿ ಮುಂದಿನ ಸುತ್ತಿಗೆ ನಡೆಯುತ್ತಾರೆ. ಹೊಟ್ಟೆಯೊಳಗೆ ಏನು ಹೋಯಿತು ಎಂಬುದರ ಬಗ್ಗೆ ಇಷ್ಟೊಂದು ಸಾರ್ವಜನಿಕ ಆಸಕ್ತಿಯಿರುವ ನಮ್ಮ ಬಡಾವಣೆಯಲ್ಲಿ, ಹೋದದ್ದು ಕ್ರಮವಾಗಿ ಹೊರಗೆ ಬಂತೇ ಎಂದು ಮಾತ್ರ ಯಾರೂ ಯಾರನ್ನೂ ವಿಚಾರಿಸುವುದಿಲ್ಲ. ಅದು ಅಸಭ್ಯ. ಅರವತ್ತಾರು ವರ್ಷ ನಾನೂ ಆ ಸಭ್ಯತೆಯನ್ನು ಪಾಲಿಸಿಕೊಂಡು ಬಂದವನೇ. ಆದರೆ ಈ ವರ್ಷ ಶಿವರಾತ್ರಿಗೆ ಇನ್ನೂ ವಾರವಿರುವಾಗ, ಒಂದು ಇಡೀ ಮಧ್ಯಾಹ್ನ ನನ್ನ ಮನೆಯ ಬಚ್ಚಲುಮನೆಯ ಬಾಗಿಲಿನತ್ತ ಕಿವಿಯಿಟ್ಟು ಕುಳಿತ ಮೇಲೆ ಸಭ್ಯತೆಯ ಬಗೆಗಿನ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಅದನ್ನೇ ನಿಮಗೆ ಹೇಳಬೇಕು. ನಿಮ್ಮ ತಿಂಡಿ ಆಗಿದ್ದರೆ ಕೇಳಿ. ಆಗಿಲ್ಲದಿದ್ದರೆ ಮೊದಲು ಮುಗಿಸಿಕೊಂಡು ಬನ್ನಿ.

ನಾನು ಹುಟ್ಟು ಭಯಸ್ಥ. ವಿಮಾ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಪರರ ಅಪಾಯಗಳನ್ನು ಅಳೆಯುತ್ತ ಕುಳಿತದ್ದರಿಂದ ಆ ಸ್ವಭಾವಕ್ಕೆ ಒಂದು ವೃತ್ತಿಪರ ಘನತೆಯೂ ಬಂದುಬಿಟ್ಟಿದೆ. ಪ್ರವಾಸ ಹೊರಟವರು ಸಾಮಾನ್ಯವಾಗಿ ಕಳ್ಳರಿಗೆ ಹೆದರುತ್ತಾರೆ, ರೈಲು ತಪ್ಪೀತೆಂದು ಹೆದರುತ್ತಾರೆ. ನಾನು ನೀರಿಗೆ ಹೆದರುತ್ತೇನೆ, ಚಟ್ನಿಗೆ ಹೆದರುತ್ತೇನೆ, ಮೊದಲೇ ಹೆಚ್ಚಿಟ್ಟ ಸೌತೆಕಾಯಿಗೆ ಹೆದರುತ್ತೇನೆ. ಬಿಟಿಎಂ ಬಡಾವಣೆಯ ಒಂದು ಮದುವೆಯಲ್ಲಿ ಪಾನಿಪುರಿಯ ಮೇಜಿನ ಮುಂದೆ ನಿಂತು, ಆ ಹಸಿರು ನೀರನ್ನು ಕಾಯಿಸಿ ಆರಿಸಿದ್ದೀರೋ ಹೇಗೆ ಎಂದು ವಿಚಾರಿಸಿದ್ದಕ್ಕೆ, ಪಾನಿಪುರಿ ಮಾಡುತ್ತಿದ್ದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಂಕಲ್, ನೀವು ಸೀದಾ ಊಟಕ್ಕೆ ಹೋಗ್ಬಿಡಿ” ಎಂದು ಸಲಹೆ ಕೊಟ್ಟಿದ್ದ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾನು ಜೀವನದಲ್ಲಿ ಎಷ್ಟು ಸಲ ಉಚ್ಚರಿಸಿದ್ದೇನೆಂದರೆ, ನನ್ನ ಹೆಂಡತಿ ಪದ್ಮ ಅದರ ಮೊದಲ ಪದ ಕೇಳಿದ ಕೂಡಲೇ ಕೋಣೆ ಬಿಟ್ಟು ಹೋಗುತ್ತಾಳೆ. ಅದೇ ಗಾದೆಯ ಉತ್ತರಾರ್ಧ, ಅಂದರೆ ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನನ್ನ ಬಾಯಿಂದ ಬಂದದ್ದು ಕಡಿಮೆ.

ಇಂಥವನ ಕೈಗೆ ಅಕ್ಕನನ್ನು ಒಪ್ಪಿಸಿದರು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ವಿಲ್ಸನ್ ಗಾರ್ಡನ್ನಿನಲ್ಲಿ ಮಗಳು ವಿದ್ಯಾಳ ಜೊತೆ ಇದ್ದಾಳೆ. ರಕ್ತದೊತ್ತಡಕ್ಕೆ ದಿನಕ್ಕೆರಡು ಮಾತ್ರೆ ನುಂಗುತ್ತಾಳೆ, ಮೂತ್ರಪಿಂಡ ಸ್ವಲ್ಪ ನಿಧಾನವೆಂದು ವೈದ್ಯರು ಎರಡು ವರ್ಷದ ಹಿಂದೆಯೇ ಎಚ್ಚರಿಸಿದ್ದರು. ಅವಳಿಗೆ ಒಮ್ಮೆ ದ್ವಾರಕೆ ನೋಡಬೇಕೆಂಬ ಆಸೆ. ನಾನು, ಪದ್ಮ ಹೊರಟಾಗ ಅವಳನ್ನೂ ಕರೆದೆವು. ವಿದ್ಯಾ ಅಮ್ಮನ ಮಾತ್ರೆಗಳ ಡಬ್ಬಿಯನ್ನು ನನ್ನ ಕೈಗಿತ್ತು, “ಮಾಮ, ನಿಮ್ಮ ಜೊತೆ ಅಂತ ಧೈರ್ಯವಾಗಿ ಕಳಿಸ್ತಿದೀನಿ. ಬೇರೆ ಯಾರಾದ್ರೂ ಆಗಿದ್ರೆ ಕಳಿಸ್ತಿರ್ಲಿಲ್ಲ” ಎಂದಳು. ನನ್ನ ಭಯಕ್ಕೆ ಜೀವನದಲ್ಲಿ ಸಿಕ್ಕ ಏಕೈಕ ಪ್ರಶಸ್ತಿ ಅದು. ಎದೆಯುಬ್ಬಿಸಿ ಸ್ವೀಕರಿಸಿದೆ.

ಎರಡು ಹಗಲಿನ ರೈಲು. ಹೊರಗಿನ ಒಂದು ಅಗುಳೂ ಬಾಯಿಗೆ ಹೋಗಕೂಡದೆಂದು ನಾನು ವಿಧಿಸಿದೆ. ಪದ್ಮ ನಾಲ್ಕು ಗಂಟೆಗೇ ಎದ್ದು ಚಪಾತಿ, ಪುಳಿಯೋಗರೆ ಮಾಡಿ, ಬಿಸಿ ಅನ್ನಕ್ಕೆ ಹಾಲು ಹೊಯ್ದು ಒಂದು ಚಮಚ ಹೆಪ್ಪು ಹಾಕಿ ಮೊಸರನ್ನವನ್ನೂ ಕಲಸಿದಳು. ಮಧ್ಯಾಹ್ನಕ್ಕೆ ಸರಿಯಾಗಿ ಹದಕ್ಕೆ ಬರುವ ಹಾಗೆ ಹೀಗೆ ಕಲಸುವುದು ನಮ್ಮವರ ಪಾರಂಪರಿಕ ವಿದ್ಯೆ. ರೈಲು ಹತ್ತುವಾಗಲೇ ಅವಳು ಹೇಳಿದಳು: “ರೀ, ಇವತ್ತೇ ಮೊಸರನ್ನ ಮುಗಿಸ್ಬಿಡೋಣ. ಪುಳಿಯೋಗರೆ ನಾಳೆಗೂ ಇರುತ್ತೆ.” ನಾನು ಒಪ್ಪಲಿಲ್ಲ. ಎಲೆಯ ಮೇಲೆ ಮೊಸರನ್ನ ಬರುವುದು ಯಾವಾಗ? ಕೊನೆಯಲ್ಲಿ. ಸಾರು, ಹುಳಿ, ಭಕ್ಷ್ಯ, ಆಮೇಲೆ ಮೊಸರು. ಹೊಟ್ಟೆಯನ್ನು ತಂಪು ಮಾಡಿ ಊಟಕ್ಕೆ ಮಂಗಳ ಹಾಡುವುದು ಅದರ ಧರ್ಮ. ಆದ್ದರಿಂದ ಮೊದಲ ದಿನ ಪುಳಿಯೋಗರೆ, ಎರಡನೆಯ ದಿನ ಮೊಸರನ್ನ ಎಂದು ತೀರ್ಪು ಕೊಟ್ಟೆ. ಬಾಳೆಯೆಲೆಯ ಶಾಸ್ತ್ರವನ್ನು ಭಾರತೀಯ ರೈಲ್ವೆಗೆ ಅನ್ವಯಿಸಬಾರದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಟ್ಟವಳ ಮಾತನ್ನು ನಾನು ಕೇಳಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಮ್ಮೆದುರಿನ ಸೀಟಿನ ಗುಜರಾತಿ ಹೆಂಗಸು ಒಂದು ಬಟ್ಟೆಯ ಗಂಟು ಬಿಚ್ಚಿ, ಮೆಂತ್ಯದ ಸೊಪ್ಪು ಹಾಕಿದ, ತೇಪ್ಲಾ ಎಂಬ ಒಣ ಚಪಾತಿಗಳನ್ನು ನಮಗೂ ನೀಡಿದರು. ಪದ್ಮ ನನ್ನ ಕಣ್ಸನ್ನೆಯನ್ನು ಕಂಡೂ ಕಾಣದವಳಂತೆ ಮೂರು ತೇಪ್ಲಾ ತೆಗೆದುಕೊಂಡು, ನನಗೆ ಇಷ್ಟು ಸಾಕು ಎಂದು ಕಿಟಕಿಯ ಕಡೆ ತಿರುಗಿ ಕುಳಿತಳು. ನಾನು ಆ ಹೆಂಗಸಿಗೆ ನನ್ನ ಹರುಕು ಹಿಂದಿಯಲ್ಲಿ, ನಾವು ಮನೆಯ ಊಟವನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವೆಂದು ಒಂದು ಪುಟ್ಟ ಭಾಷಣ ಮಾಡಿ ಮೊಸರನ್ನದ ಡಬ್ಬಿ ತೆರೆದೆ. ನನಗೋ ಹಳೆಯ ನೆಗಡಿ. ನನ್ನ ಮೂಗು ಕನ್ನಡಕ ಕೂರಿಸುವುದಕ್ಕಷ್ಟೇ ಉಪಯೋಗಕ್ಕೆ ಬರುವ ಅಂಗ. ಅಕ್ಕ ಮೊದಲ ತುತ್ತನ್ನು ಬಾಯಿಗಿಡುವ ಮುನ್ನ ಒಂದು ಕ್ಷಣ ತಡೆದು, ನನ್ನ ಮುಖ ನೋಡಿ, ಆಮೇಲೆ ಉಂಡಳು. ಆ ಕ್ಷಣವನ್ನು ನಾನು ನೋಡಿದ್ದೆ, ಆದರೆ ಅರ್ಥವಾಗಲಿಲ್ಲ.

ದ್ವಾರಕೆಯಲ್ಲಿ ಇಳಿದು ಛತ್ರ ಸೇರುವಷ್ಟರಲ್ಲಿ ನನಗೂ ಅಕ್ಕನಿಗೂ ಶುರುವಾಗಿತ್ತು. ವಿವರಗಳನ್ನು ಹೇಳುವುದಿಲ್ಲ, ಪ್ರವಾಸದಲ್ಲಿ ಹೊಟ್ಟೆ ಕೆಟ್ಟವರಿಗೆ ಹೇಳಬೇಕಿಲ್ಲ, ಕೆಡದವರಿಗೆ ಹೇಳಿ ಪ್ರಯೋಜನವಿಲ್ಲ. ಜಗನ್ನಿಯಾಮಕನ ಊರಿನಲ್ಲಿ ನನ್ನದೇ ದೇಹದ ಒಂದು ಸಣ್ಣ ವಿಭಾಗ ನನ್ನ ನಿಯಂತ್ರಣದಲ್ಲಿರಲಿಲ್ಲ ಎಂದಷ್ಟೇ ಹೇಳಿದರೆ ಸಾಕು. ಸಾಗರದ ದಡದಲ್ಲಿದ್ದರೂ ನಾನು ಕಂಡದ್ದು ಹೆಚ್ಚಾಗಿ ಬಕೆಟ್ಟಿನ ನೀರನ್ನೇ. ಪದ್ಮಳಿಗೆ ಏನೂ ಆಗಲಿಲ್ಲ. ನಾನಾದರೋ ಕಾರಣ ಹುಡುಕುತ್ತ ಛತ್ರದ ನಲ್ಲಿ, ರೈಲಿನ ಬಾಗಿಲ ಹಿಡಿ, ಕೊನೆಗೆ ತೇಪ್ಲಾದ ಗಾಳಿ ಇವನ್ನೆಲ್ಲ ಶಂಕಿಸಿದೆ. ನಮ್ಮ ಡಬ್ಬಿಯನ್ನು ಮಾತ್ರ ಶಂಕಿಸಲಿಲ್ಲ.

ಚಿಕಿತ್ಸೆ ನನ್ನದೇ. ಲಂಘನಂ ಪರಮೌಷಧಂ. ನಮ್ಮ ತಂದೆ ಹೊಟ್ಟೆ ಕೆಟ್ಟಾಗಲೆಲ್ಲ ಹೇಳುತ್ತಿದ್ದ ಮಾತು. ಹೊಟ್ಟೆಗೆ ಏನೂ ಹಾಕದಿದ್ದರೆ ಹೊರಗೆ ಬರುವುದಾದರೂ ಏನು ಎಂಬ ತರ್ಕ ನನಗೆ ಅಭೇದ್ಯವಾಗಿ ಕಂಡಿತು. ಅನ್ನ ನಿಲ್ಲಿಸಿದೆ, ಅಷ್ಟಕ್ಕೇ ನಿಲ್ಲದೆ ನೀರನ್ನೂ ನಿಲ್ಲಿಸಿದೆ. ತುಟಿ ಒಣಗಿದರೆ ತೀರ್ಥದ ಪ್ರಮಾಣದಲ್ಲಿ ಒಂದು ಉದ್ಧರಣೆ ಶುಂಠಿ ಕಷಾಯ. ಪದ್ಮ ನೀರಿನ ಲೋಟ ಹಿಡಿದು ಹೋದರೆ ಅಕ್ಕ, “ಬೇಡಮ್ಮ, ಸೀನ ಬೇಡ ಅಂದಿದಾನೆ. ಅವನಿಗೆ ಇದೆಲ್ಲ ಗೊತ್ತಿರುತ್ತೆ” ಎಂದು ಮಗ್ಗುಲಾಗುತ್ತಿದ್ದಳು.

ಇನ್ನು ನಾನು ಇಲ್ಲಿಯವರೆಗೆ ಮುಂದೂಡಿಕೊಂಡು ಬಂದದ್ದನ್ನು ಹೇಳಿಬಿಡಬೇಕು. ಲಂಘನವೆಂದರೆ ಉಪವಾಸವೂ ಹೌದು, ಹಾರುವುದೂ ಹೌದು. ನಾನು ನನ್ನ ಉಪವಾಸವನ್ನು ಆ ಸಂಜೆಯೇ ಹಾರಿದೆ. ವಾಪಸು ಟಿಕೆಟ್ಟು ವಿಚಾರಿಸಿ ಬರುತ್ತೇನೆಂದು ಹೊರಟವನು ಬೀದಿಯ ಮೂಲೆಯಲ್ಲಿ ಒಬ್ಬಾತ ಉಪ್ಪು, ಜೀರಿಗೆ ಹಾಕಿ ಕಡೆದ ಮಜ್ಜಿಗೆ ಮಾರುವುದನ್ನು ಕಂಡೆ. ಗಂಟಲು ಒಣಗಿ ಕಾಗದವಾಗಿತ್ತು. ಕಾಯಿಸಿದ ನೀರೋ ಎಂದು ಕೇಳಲಿಲ್ಲ, ಲೋಟ ತೊಳೆದದ್ದು ಹೇಗೆಂದು ನೋಡಲಿಲ್ಲ. ನಿಂತ ನಿಲುವಿನಲ್ಲಿ ಮೂರು ಲೋಟ ಕುಡಿದೆ. ಮರುದಿನ ಎರಡು ಸಲ ಟಿಕೆಟ್ಟು ವಿಚಾರಿಸಲು ಹೋದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನನ್ನ ಹೊಟ್ಟೆ ಎರಡನೆಯ ದಿನಕ್ಕೆ ಹತೋಟಿಗೆ ಬಂತು, ಅದನ್ನು ನಾನು ಪ್ರಾಮಾಣಿಕವಾಗಿ ಲಂಘನದ ಖಾತೆಗೆ ಸೇರಿಸಿ, “ನೋಡಕ್ಕ, ನನಗೆ ವಾಸಿಯಾಯ್ತು. ಇನ್ನೊಂದು ದಿನ ತಡಕೋ” ಎಂದು ಅಕ್ಕನಿಗೆ ಉಪದೇಶಿಸಿದೆ. ಮೂರನೆಯ ದಿನ ಅಕ್ಕ ಬಚ್ಚಲಿಗೆ ಹೋಗುವುದನ್ನೇ ನಿಲ್ಲಿಸಿದಳು. ಒಂದಕ್ಕೂ ಇಲ್ಲ, ಎರಡಕ್ಕೂ ಇಲ್ಲ. ನಾನು ಅದನ್ನು ಚಿಕಿತ್ಸೆಯ ವಿಜಯವೆಂದು ಘೋಷಿಸಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮುಂದೆ ನೋಡಬೇಕೆಂದಿದ್ದ ಸೋಮನಾಥವನ್ನು ಕೈಬಿಟ್ಟು ವಿಮಾನದಲ್ಲಿ ಮರಳಿದೆವು. ವಿಮಾನ ನಿಲ್ದಾಣದಿಂದ ಬನಶಂಕರಿಯ ಕಡೆ ಬರುವ ಬಸ್ಸು ಸಿಲ್ಕ್ ಬೋರ್ಡಿನಲ್ಲಿ ಎಂದಿನಂತೆ ಪ್ರತಿಷ್ಠಾಪನೆಗೊಂಡಾಗ ಅಕ್ಕ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಮಡಿವಾಳ ಬಂತಾ ಎಂದು ಒಮ್ಮೆ ಕೇಳಿದಳು, ಹೌದೆಂದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು. ಬಸ್ಸು ಒಂದು ಅಡಿಯೂ ಚಲಿಸಿರಲಿಲ್ಲವಾದ್ದರಿಂದ ಪ್ರಶ್ನೆ ಸಹಜವೆಂದುಕೊಂಡೆ, ಆದರೂ ಒಳಗೆಲ್ಲೋ ಅಳುಕು ಶುರುವಾಯಿತು. ಅವಳನ್ನು ವಿಲ್ಸನ್ ಗಾರ್ಡನ್ನಿಗೆ ಬಿಡದೆ ನಮ್ಮ ಮನೆಗೇ ಕರೆತಂದೆ. ಒಂದು ದಿನ ಸುಧಾರಿಸಿಕೊಳ್ಳಲಿ ಎಂದು ವಿದ್ಯಾಳಿಗೆ ಹೇಳಿದೆ. ನಿಜವಾಗಿ ಅವಳ ಮುಖ ನೋಡಲು ನನಗೆ ಹೆದರಿಕೆಯಾಗಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಹಾಸಿಗೆಯಿಂದೆದ್ದವಳು ಗೋಡೆ ಹಿಡಿದು ಹಾಗೆಯೇ ಕೆಳಗೆ ಕುಳಿತುಬಿಟ್ಟಳು. ಪದ್ಮ ನನ್ನನ್ನು ಕೇಳದೆ ಆಟೋ ಕರೆಸಿದಳು. ಬನಶಂಕರಿ ಎರಡನೆಯ ಹಂತದಲ್ಲಿ ನಮಗೆ ಪರಿಚಯದ ಒಬ್ಬ ಡಾಕ್ಟರಮ್ಮ ಇದ್ದಾರೆ. ವಯಸ್ಸಿನಲ್ಲಿ ನನ್ನ ಮಗಳಂತಿದ್ದರೂ ನನ್ನನ್ನು ಹೆದರಿಸಬಲ್ಲವರು. ಅವರು ಅಕ್ಕನ ಕೈಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಎತ್ತಿದ ಮಡಿಕೆ ಇಳಿಯದೆ ಹಾಗೆಯೇ ನಿಂತಿತು. ನಾಲಿಗೆ ನೋಡಿದರು, ಮಲಗಿಸಿ ನಿಲ್ಲಿಸಿ ರಕ್ತದೊತ್ತಡ ನೋಡಿದರು, ಜ್ವರ ಬಂದಿತ್ತೇ, ರಕ್ತ ಬಿದ್ದಿತ್ತೇ ಎಂದರು. ಎರಡೂ ಇಲ್ಲ, ಆದರೆ ನೀರೂ ಕುಡಿದಿಲ್ಲ ಎಂದಳು ಪದ್ಮ. ನೀರು ಕುಡಿಯಬೇಡಿ ಎಂದವರು ಯಾರು ಎಂದು ಅವರು ತಲೆಯೆತ್ತಿ ಕೇಳಿದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ನನ್ನ ಕೈ ತಾನಾಗಿ ಮೇಲೆದ್ದು ಕನ್ನಡಕವನ್ನು ಸರಿಪಡಿಸಿತು. ಅಷ್ಟರಲ್ಲಿ ಅಕ್ಕನೇ ಕ್ಷೀಣವಾಗಿ, “ಯಾರೂ ಅಲ್ಲಮ್ಮ. ನನಗೇ ಸೇರ್ತಿರ್ಲಿಲ್ಲ” ಎಂದಳು.

ಹೊರಗಿನದೇನನ್ನೂ ನಾವು ಮುಟ್ಟಿಲ್ಲವೆಂದು ನಾನು ಡಾಕ್ಟರಮ್ಮನಿಗೆ ಸಮಜಾಯಿಷಿ ಕೊಟ್ಟೆ. ಒಳಗಿನದೇನು ಮುಟ್ಟಿದಿರಿ ಎಂದು ಅವರು ಕೇಳಿದರು. ಮೊಸರನ್ನದ ವೃತ್ತಾಂತ ಕೇಳಿ, ಇಂಥದ್ದರಿಂದಲೇ ಎಂದು ಖಂಡಿತವಾಗಿ ಹೇಳಲಾಗದಿದ್ದರೂ ಬೆಚ್ಚಗೆ ಮುಚ್ಚಿಟ್ಟ ಒಂದೂಕಾಲು ದಿನದ ಅನ್ನದ ಮೇಲೇ ತಮ್ಮ ಮೊದಲ ಅನುಮಾನವೆಂದರು. ತೇಪ್ಲಾ ಒಣಗಿನದು, ಅದಕ್ಕೇ ಕೆಡಲಿಲ್ಲ. ಕೆಟ್ಟದ್ದು ಹೊಟ್ಟೆಯಿಂದ ತಾನಾಗಿಯೇ ಹೋಗುತ್ತದೆ, ಹೆಚ್ಚಿನವರಿಗೆ ಬೇರೆ ಔಷಧವೂ ಬೇಡ. ಆದರೆ ಹೋಗುವಾಗ ಮೈಯ ನೀರನ್ನೂ ಉಪ್ಪನ್ನೂ ಜೊತೆಗೆ ಕರೆದೊಯ್ಯುತ್ತದೆ, ಅದನ್ನು ಆಗಿಂದಾಗಲೇ ವಾಪಸು ಕೊಡಬೇಕು. ಇಷ್ಟು ಸರಳವಾದ ಮಾತನ್ನು ಅರವತ್ತಾರು ವರ್ಷ ನನಗೆ ಯಾರೂ ಹೇಳಿರಲಿಲ್ಲವೇ? ಹೇಳಿದ್ದರು. ದ್ವಾರಕೆಯಲ್ಲಿ ನನ್ನ ಗಂಟಲೇ ಹೇಳಿತ್ತು.

ರಕ್ತವನ್ನು ಪರೀಕ್ಷೆಗೆ ಕಳಿಸಿ, ರಕ್ತದೊತ್ತಡದ ಮಾತ್ರೆಗಳನ್ನು ತಾವು ಹೇಳುವವರೆಗೆ ನಿಲ್ಲಿಸಿ, ಅವರು ಕೈಗೆ ನಾಲ್ಕು ಓ.ಆರ್.ಎಸ್. ಪೊಟ್ಟಣ ಕೊಟ್ಟರು. “ಒಂದು ಪೊಟ್ಟಣ ಪೂರ್ತಿ, ಒಂದು ಲೀಟರ್ ನೀರಿಗೆ. ಲೋಟಕ್ಕೆ ಇಷ್ಟಿಷ್ಟು ಅಂತ ಉದುರಿಸ್ಬೇಡಿ. ಎರಡು ನಿಮಿಷಕ್ಕೆ ಒಂದ್ ಎರಡು ಚಮಚ ಕುಡಿಸ್ತಾ ಹೋಗಿ, ವಾಂತಿ ಇಲ್ಲಾಂದ್ರೆ ಜಾಸ್ತಿ ಮಾಡಿ. ಆರು ಗಂಟೆ ಒಳಗೆ ಮೂತ್ರ ಆಗ್ಬೇಕು ಸಾರ್. ಆಗ್ಲಿಲ್ಲ, ಇಲ್ಲ ಮಾತು ತೊದಲಿದ್ರು ಅಂದ್ರೆ, ನನಗೆ ಫೋನ್ ಮಾಡ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಸೇರಿಸಿ.” ಮೂತ್ರಪಿಂಡದ ಬಗ್ಗೆ ಮೊದಲೇ ಎಚ್ಚರಿಕೆ ಇತ್ತಲ್ಲ ಎಂದು ಅವರು ಕೊನೆಗೆ ಮೆಲ್ಲಗೆ ಸೇರಿಸಿದ್ದು ನನಗೆ ಕೇಳಿಸಿತು.

ಹಾಗೆ ಹನ್ನೆರಡರಿಂದ ಆರರವರೆಗಿನ ಆ ಮಧ್ಯಾಹ್ನ ಶುರುವಾಯಿತು. ಅಕ್ಕ ಮಂಚದ ಮೇಲೆ, ನಾನು ಪಕ್ಕದ ಕುರ್ಚಿಯಲ್ಲಿ, ಮಧ್ಯೆ ಒಂದು ತಂಬಿಗೆ ಮತ್ತು ಚಮಚ. ಎದುರಿಗೆ ಗಡಿಯಾರ. ಲೋಕದಲ್ಲಿ ಮನುಷ್ಯರು ಮಳೆಗೆ ಕಾಯುತ್ತಾರೆ, ಫಲಿತಾಂಶಕ್ಕೆ ಕಾಯುತ್ತಾರೆ, ವರನ ಕಡೆಯವರ ಉತ್ತರಕ್ಕೆ ಕಾಯುತ್ತಾರೆ. ನಾನು ಅಕ್ಕನಿಗೆ ಮೂತ್ರ ಬರಲೆಂದು ಕಾಯುತ್ತಿದ್ದೆ. ಒಂದು ಗಂಟೆಗೆ ಬಚ್ಚಲಲ್ಲಿ ನೀರಿನ ಸದ್ದಾಗಿ, ಅಕ್ಕ ಪಕ್ಕದಲ್ಲೇ ಮಲಗಿರುವುದನ್ನೂ ಮರೆತು ಎದ್ದು ನಿಂತೆ. ಪದ್ಮ ಪಾತ್ರೆ ತೊಳೆಯುತ್ತಿದ್ದಳು. ಎರಡು ಗಂಟೆಗೆ ಮಹಡಿಯ ಮನೆಯವರು ಫ್ಲಶ್ ಎಳೆದಾಗ ಅವರ ಮೇಲೆ ಅಸೂಯೆಯಾಯಿತು. ಮೂರು ಗಂಟೆಗೆ ವಿದ್ಯಾಳ ಫೋನು ಬಂತು. ಚೆನ್ನಾಗಿದ್ದಾಳೆ ಎನ್ನಲು ಬಾಯಿ ತೆರೆದೆ, ಏಕೋ ಆಗಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದೆ. ಆ ಕಡೆಯಿಂದ “ಬರ್ತಿದೀನಿ ಮಾಮ” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಲ್ಕೂವರೆಗೆ ಅಕ್ಕ ನಮ್ಮಿಬ್ಬರ ಭುಜ ಹಿಡಿದು ಬಚ್ಚಲಿಗೆ ಹೋದಳು. ಪದ್ಮ ಒಳಗೆ, ನಾನು ಹೊರಗೆ. ಬಾಗಿಲು ತೆರೆಯಿತು. “ಆಗ್ಲಿಲ್ಲ ಕಣೋ” ಎಂದಳು ಅಕ್ಕ, ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಮಗುವಿನಂತೆ. ಆಸ್ಪತ್ರೆಗೆಂದು ಪದ್ಮ ಚೀಲದಲ್ಲಿ ಸೀರೆ ತುಂಬತೊಡಗಿದಳು.

ಇನ್ನು ತಡೆಯಲಾರದೆ ನಾನು ಮಜ್ಜಿಗೆಯ ವಿಷಯ ಹೇಳಿಬಿಟ್ಟೆ. ಮೂರು ಲೋಟ, ಮರುದಿನ ಮತ್ತೆ ಎರಡು ಸಲ. ಅಕ್ಕ ಕಣ್ಣು ಮುಚ್ಚಿಕೊಂಡೇ, “ಗೊತ್ತು. ಮೊದಲನೇ ದಿನಾನೇ ಮೀಸೆ ಒರೆಸಿಕೊಳ್ಳದೆ ಬಂದಿದ್ದೆ” ಎಂದಳು. ಗೊತ್ತಿದ್ದೂ ನೀನು ಯಾಕೆ ಕುಡಿಯಲಿಲ್ಲ ಎಂದು ಕೇಳಿದೆ. ಅವಳು ಮೊಸರನ್ನದಿಂದ ಶುರುಮಾಡಿದಳು: “ಆ ಮೊಸರನ್ನ ಅವತ್ತೇ ವಾಸನೆ ಬಂದಿತ್ತು ಸೀನ. ನೀನು ಆ ಹೆಂಗಸಿನ ಮುಂದೆ ಮನೆ ಊಟ, ಮನೆ ಊಟ ಅಂತ ಅಷ್ಟು ಹೊತ್ತು ಹೇಳಿದ್ದೆಯಲ್ಲ. ಕೆಟ್ಟಿದೆ ಅಂದ್ರೆ ನಿನ್ನ ಮುಖ ಎಲ್ಲಿಡ್ತಿದ್ದೆ? ಪದ್ಮನೂ ನಾಕು ಗಂಟೆಗೆ ಎದ್ದು ಕಲಸಿದ್ಲು.”

ನನಗೆ ಚಾಮರಾಜಪೇಟೆಯ ನಮ್ಮ ಹಳೆಯ ಮನೆಯ ಭಾನುವಾರಗಳು ನೆನಪಾದವು. ತಿಂಗಳಿಗೊಮ್ಮೆ ಹೊಟ್ಟೆ ಶುದ್ಧಿಯಾಗಲೆಂದು ಅಮ್ಮ ಮಕ್ಕಳಿಗೆಲ್ಲ ಒಳಲೆಯಲ್ಲಿ ಹರಳೆಣ್ಣೆ ಕುಡಿಸುತ್ತಿದ್ದಳು. ನಾನು ಅದರ ವಾಸನೆಗೇ ಅಳುತ್ತಿದ್ದೆ. ಅಮ್ಮ ಒಳಗೆ ತಿರುಗಿದ ತಕ್ಷಣ ಅಕ್ಕ ನನ್ನ ಪಾಲನ್ನೂ ಗಟಗಟನೆ ಕುಡಿದು, ಖಾಲಿ ಒಳಲೆಯನ್ನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ಆಮೇಲೆ ನಾನು ಬೀದಿಯಲ್ಲಿ ಗೋಲಿಯಾಡುತ್ತಿದ್ದರೆ ಅವಳು ದಿನವಿಡೀ ಹಿತ್ತಲಿಗೂ ಮನೆಗೂ ಓಡಾಡುತ್ತಿದ್ದಳು. ಅದನ್ನು ನಾನು ಎಷ್ಟೋ ಸಲ ನಗೆಯ ಪ್ರಸಂಗವಾಗಿ ಹೇಳಿದ್ದೇನೆ. ಅವತ್ತು ಮಾತ್ರ ನಗು ಬರಲಿಲ್ಲ. ನನ್ನ ಹೊಟ್ಟೆಯ ಪಾಲಿನದನ್ನೆಲ್ಲ ಈ ಹೆಂಗಸು ಎಪ್ಪತ್ತಮೂರರಲ್ಲೂ ತಾನೇ ಕುಡಿಯುತ್ತಿದ್ದಾಳೆ, ನಾನು ಇನ್ನೂ ಖಾಲಿ ಒಳಲೆ ಹಿಡಿದು ನಿಂತಿದ್ದೇನೆ ಅನ್ನಿಸಿ ದುಃಖ ಒತ್ತರಿಸಿ ಬಂತು. ತಂಬಿಗೆಯಲ್ಲಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ, ಕುಡಿ ಅಕ್ಕ ಎಂದೆ. ಕುಡಿದಳು.

ಐದೂ ಮುಕ್ಕಾಲಿಗೆ ಅವಳು ಮತ್ತೆ ಎದ್ದಳು. ವಿದ್ಯಾ ಅಷ್ಟರಲ್ಲಿ ಬಂದಿದ್ದಳು. ನನ್ನ ಕಡೆ ನೋಡದೆ ಅಮ್ಮನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು. ನಾನು ಬಾಗಿಲಿನಾಚೆ ಗೋಡೆಗೊರಗಿ ನಿಂತೆ. ಎಷ್ಟು ಹೊತ್ತೋ ತಿಳಿಯದು. ಬಕೆಟ್ಟಿನಲ್ಲಿ ಚೊಂಬು ಮುಳುಗುವ ಸದ್ದಾಯಿತು, ನೀರು ಸುರಿದ ಸದ್ದಾಯಿತು, ಆಮೇಲೆ ವಿದ್ಯಾಳ ದನಿ: “ಆಯ್ತು ಮಾಮ.” ಸಂಗೀತ ಕಛೇರಿಗಳಲ್ಲಿ ಕಣ್ಣೀರು ಹಾಕುವವರನ್ನು ಕಂಡು ಹಾಸ್ಯ ಮಾಡುತ್ತಿದ್ದವನು ನಾನು. ಬಚ್ಚಲಿನ ಆ ಸದ್ದಿಗೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ.

ಅಕ್ಕ ನಾಲ್ಕು ದಿನ ನಮ್ಮಲ್ಲಿದ್ದು ಹೋದಳು. ರಕ್ತದ ವರದಿಯನ್ನು ನೋಡಿ ಡಾಕ್ಟರಮ್ಮ, ಸದ್ಯ ಬಚಾವಾದಿರಿ ಎಂದರು. ವಿದ್ಯಾ ಒಂದು ತಿಂಗಳು ನನ್ನೊಡನೆ ಲೆಕ್ಕದ ಮಾತಾಡಿ, ಈಗ ಮೊದಲಿನಂತಾಗಿದ್ದಾಳೆ. ನಮ್ಮ ಮೊಸರನ್ನದ ಡಬ್ಬಿ ಅಟ್ಟದಲ್ಲಿದೆ. ಮುಂದಿನ ಪ್ರಯಾಣಕ್ಕೆ ಅದನ್ನು ಇಳಿಸುವ ಅಧಿಕಾರ, ಮೊದಲು ಏನು ಉಣ್ಣಬೇಕೆಂದು ಹೇಳುವ ಅಧಿಕಾರ, ಎರಡೂ ಪದ್ಮಳದು. ಓ.ಆರ್.ಎಸ್. ಪೊಟ್ಟಣಗಳನ್ನು ಹೊರುವ ಕೆಲಸ ನನ್ನದು.

ಉದ್ಯಾನದಲ್ಲಿ ಈಗಲೂ ಎಲ್ಲರೂ ತಿಂಡಿ ಆಯ್ತಾ ಎನ್ನುತ್ತಾರೆ, ನಾನೂ ಆಯಿತೆನ್ನುತ್ತೇನೆ. ಅದಾದ ಮೇಲೆ ಕಲ್ಲುಬೆಂಚಿನ ಮೇಲೆ ಕುಳಿತು ವಿಲ್ಸನ್ ಗಾರ್ಡನ್ನಿಗೆ ಫೋನು ಮಾಡಿ, ನಡೆಯುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ನಮ್ಮ ಬಡಾವಣೆಯಲ್ಲಿ ಯಾರೂ ಯಾರನ್ನೂ ಕೇಳದ ಆ ಪ್ರಶ್ನೆಯನ್ನು ಅಕ್ಕನಿಗೆ ಕೇಳುತ್ತೇನೆ. ಮೊದಮೊದಲು ನಾಚಿಕೊಳ್ಳುತ್ತಿದ್ದಳು. ಈಗ ದಿನವೂ ಒಂದೇ ಉತ್ತರ.

“ಆಯ್ತು ಕಣೋ, ಎರಡು ಸಲ. ನಿನ್ನ ಮಜ್ಜಿಗೆ ಆಯ್ತಾ?”